ನಿಮಗಿದು ಗೊತ್ತೆ? ಗಾಳದ ಕೋಲಿನ ಹಿಡಿಕೆಗೆ ಮರದ ತೊಗಟೆ

ಮೀನಿನ ಗಾಳದ ಕೋಲನ್ನು ತಮ್ಮ ಅಳತೆಗೆ ಕಟ್ಟಿಸಿಕೊಳ್ಳುವವರಲ್ಲಿ ಹಲವರು ಹಿಡಿಕೆಗೆ ಇಂದಿಗೂ ಮೆಚ್ಚುವುದು ಕಾರ್ಕನ್ನೇ. ಇದು ಕಾರ್ಕ್ ಓಕ್ ಮರದ ಹೊರತೊಗಟೆ. ಜಗತ್ತಿನ ಕಾರ್ಕ್‌ನಲ್ಲಿ ಸುಮಾರು ಅರ್ಧದಷ್ಟು ಪೋರ್ಚುಗಲ್‌ನದು. ಮರವನ್ನು ಕಡಿಯುವುದಿಲ್ಲ, ತೊಗಟೆಯನ್ನಷ್ಟೇ ಸುಲಿಯುತ್ತಾರೆ. ಮುಂದಿನ ಸುಲಿತಕ್ಕೆ ಕನಿಷ್ಠ 9 ವರ್ಷ ಕಾಯಬೇಕು. ಒಳಗೆಲ್ಲ ಗಾಳಿ ತುಂಬಿದ ಸೂಕ್ಷ್ಮ ಕೋಶಗಳಿರುವುದರಿಂದ ಕಾರ್ಕ್ ಬಹಳ ಹಗುರ. ಒದ್ದೆ ಕೈಯಲ್ಲೂ ಸುಲಭವಾಗಿ ಜಾರದು.

ಹಿಡಿಕೆ ಸಾಮಾನ್ಯವಾಗಿ ಒಂದೇ ತುಂಡಲ್ಲ. ಸುಮಾರು ಅರ್ಧ ಅಂಗುಲ ದಪ್ಪದ ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಿ, ಬಿಗಿದು ಒಣಗಿಸಿ, ಲೇತ್‌ನಲ್ಲಿ ತಿರುಗಿಸುತ್ತ ಉಪ್ಪುಕಾಗದದಿಂದ ಉಜ್ಜಿ ರೂಪ ಕೊಡುತ್ತಾರೆ. ಅಂಟಿನ ಪದರ ತೆಳುವಾಗಿರಬೇಕು ಎಂಬುದೇ ಇಲ್ಲಿನ ಮುಖ್ಯ ಸೂಕ್ಷ್ಮ. ಒಣಗಿದ ಅಂಟು ಕಾರ್ಕ್‌ಗಿಂತ ಗಟ್ಟಿ. ದಪ್ಪಗೆ ಬಳಿದರೆ ಉಜ್ಜುವಾಗ ಸುತ್ತಲಿನ ಕಾರ್ಕ್ ಸವೆದು, ಅಂಟು ಮಾತ್ರ ಗೆರೆಗೆರೆಯಾಗಿ ಎದ್ದು ಅಂಗೈಗೆ ಒತ್ತುತ್ತದೆ. ತೊಗಟೆಯ ಸಹಜ ಗುಳಿಗಳಿಗೆ ಕಾರ್ಕ್ ಪುಡಿಯನ್ನೇ ಅಂಟಿನಲ್ಲಿ ಕಲಸಿ ತುಂಬುತ್ತಾರೆ.

ಕೋಲು ತುದಿಯತ್ತ ಸಣ್ಣಗಾಗುತ್ತ ಹೋಗುವುದರಿಂದ ಹಿಡಿಕೆಯ ರಂಧ್ರವನ್ನೂ ಅದಕ್ಕೆ ಸರಿಯಾಗಿ ಒಳಗಿನಿಂದ ಅರದಿಂದ ಉಜ್ಜಿ ಹಿಗ್ಗಿಸಬೇಕು. ಬಲವಂತವಾಗಿ ತೂರಿಸಿದರೆ ಕಾರ್ಕ್ ಸೀಳುತ್ತದೆ. ಹಿಡಿಕೆಗೆ ಬಳಸುವ ಇನ್ನೊಂದು ವಸ್ತುವಾದ ಇವಿಎ ಫೋಮ್‌ನ ಗುಣವೇ ಬೇರೆ. ಅದು ಹಿಗ್ಗುವುದರಿಂದ ರಂಧ್ರ ಕೋಲಿಗಿಂತ ತುಸು ಕಿರಿದಾಗಿಯೇ ಇರಬೇಕು. ಕೋಲಿನ ಹೊಳಪನ್ನು ಉಜ್ಜಿ ತೆಗೆದು ಎಪಾಕ್ಸಿ ಸವರಿದರೆ ಫೋಮ್ ಜಾರಿಕೊಂಡು ಕೂರುತ್ತದೆ. ಎಪಾಕ್ಸಿ ನಿಧಾನವಾಗಿ ಗಟ್ಟಿಯಾಗುವಂಥದ್ದೇ ಆಗಿರಬೇಕು. ಬೇಗ ಒಣಗುವ ಅಂಟು ಬಳಸಿದರೆ ಹಿಡಿಕೆ ಅರ್ಧದಾರಿಯಲ್ಲೇ ಕಚ್ಚಿಕೊಳ್ಳುತ್ತದೆ.