ದಾರಿ ಇದೆ, ಪ್ಯಾಕೆಟ್ ಮಾತ್ರ ಹೋಗುತ್ತಿಲ್ಲ!

ನೆಟ್‌ವರ್ಕ್ ಕೆಲಸಕ್ಕೆ ಹೊಸದಾಗಿ ಸೇರಿರುವ ಓದುಗರೊಬ್ಬರು ಕೇಳಿದ್ದಾರೆ: "ಜೂನಿಪರ್ ರೂಟರ್‌ಗಳ ನಡುವೆ ಎಂಪಿಎಲ್‌ಎಸ್ ದಾರಿ ಹಾಕಿದ್ದೇನೆ. ದಾರಿ ಸರಿಯಿದೆ ಅಂತಲೇ ತೋರಿಸುತ್ತದೆ. ಆದರೆ ಆ ತುದಿಯ ರೂಟರ್‌ಗೆ ಪಿಂಗ್ ಮಾಡಿದರೆ ಪ್ಯಾಕೆಟ್ ಅದರಲ್ಲಿ ಹೋಗುವುದೇ ಇಲ್ಲ. ಮೂರು ಸಲ ರೀಸ್ಟಾರ್ಟ್ ಮಾಡಿದೆ. ಯಂತ್ರ ಕೆಟ್ಟಿದೆಯೇ?"

ಕೆಟ್ಟಿಲ್ಲ. ಮತ್ತೆ, ದಯವಿಟ್ಟು ಆ ರೀಸ್ಟಾರ್ಟ್ ನಿಲ್ಲಿಸಿ. ಅದು ನಮ್ಮ ಕಸುಬಿನ ನಿಂಬೆಹಣ್ಣು-ಮೆಣಸಿನಕಾಯಿ. ಆಯುಧಪೂಜೆಗೆ ರೂಟರ್‌ಗೆ ಕುಂಕುಮ ಹಚ್ಚಿದರಾದರೂ ಯಾರ ಸಂಪರ್ಕವೂ ಕಡಿಯುವುದಿಲ್ಲ!

ಸಾಮಾನ್ಯ ಜಾಲದಲ್ಲಿ ಪ್ರತಿ ರೂಟರೂ ಪ್ಯಾಕೆಟ್ಟಿನ ವಿಳಾಸ ಓದುತ್ತದೆ. ಎಂಪಿಎಲ್‌ಎಸ್‌ನಲ್ಲಿ ಓದುವುದು ಹೆಬ್ಬಾಗಿಲಲ್ಲಿ ಒಂದೇ ಸಲ. ಅಲ್ಲಿ 32 ಬಿಟ್‌ನ ಚೀಟಿಯೊಂದು ಅಂಟುತ್ತದೆ. ಅದರಲ್ಲಿ 20 ಬಿಟ್ ಒಂದು ಸಂಖ್ಯೆಗೆ ಮೀಸಲು. ನಡುವಿನವರು ವಿಳಾಸ ಕೆದಕದೆ ಆ ಸಂಖ್ಯೆ ನೋಡಿ, ಅಳಿಸಿ, ಬೇರೆಯದನ್ನು ಬರೆದು ಮುಂದಕ್ಕೆ ದಾಟಿಸುತ್ತಾರೆ. ರೈಲಿನ ಅಂಚೆ ಡಬ್ಬಿಯಲ್ಲಿ ಮೂಟೆ ಬಿಚ್ಚದೆ ಅದರ ಮೇಲಿನ ಚೀಟಿ ನೋಡಿ ಇಳಿಸುತ್ತಿದ್ದರಲ್ಲ, ಹಾಗೆ. ಇದೆಲ್ಲ ವೇಗಕ್ಕಾಗಿ ಎಂದು ಇವತ್ತಿಗೂ ಪಾಠ ಹೇಳುವವರಿದ್ದಾರೆ. ವಿಳಾಸ ಹುಡುಕುವ ಕೆಲಸವನ್ನು ಚಿಪ್‌ಗಳೇ ಮಾಡತೊಡಗಿದ ಮೇಲೆ ಆ ಮಾತಿಗೆ ಅರ್ಥ ಉಳಿದಿಲ್ಲ. ಯಾವ ಸರಕು ಯಾವ ದಾರಿ ಹಿಡಿಯಬೇಕೆಂದು ನಾವು ಹೇಳಬಹುದು ಎನ್ನುವುದೇ ಇದರ ಲಾಭ.

ಚೀಟಿಗಳಲ್ಲಿ ನನಗೆ ಬಲು ಇಷ್ಟವಾದದ್ದು 3ನೇ ನಂಬರಿನದು. ಕೊನೆಯ ರೂಟರ್ ತನ್ನ ಹಿಂದಿನವನಿಗೆ "ನನಗೆ 3 ಹಾಕು" ಎಂದರೆ, "ಚೀಟಿ ಕಿತ್ತು ಬರೀ ಪ್ಯಾಕೆಟ್ ಕಳಿಸು" ಎಂದರ್ಥ. ಹಾಗಾಗಿ 3 ಎಂದು ಬರೆದ ಚೀಟಿ ಯಾವ ತಂತಿಯ ಮೇಲೂ ಓಡಾಡುವುದಿಲ್ಲ. ಮಾತಿನಲ್ಲಷ್ಟೇ ಬದುಕಿರುವ ಸಂಖ್ಯೆ! ಅಕ್ಕಪಕ್ಕದ ಎರಡೇ ರೂಟರ್‌ಗಳ ನಡುವೆ ದಾರಿ ಹಾಕಿ, ಚೀಟಿ ಎಲ್ಲಿ ಎಂದು ಹುಡುಕಿ ತಲೆ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ.

ಈಗ ನಿಮ್ಮ ಪಿಂಗ್. ಜೂನಿಪರ್ ಎರಡು ಪಟ್ಟಿ ಇಟ್ಟುಕೊಂಡಿರುತ್ತದೆ. ಇನೆಟ್.0 ಎಲ್ಲರೂ ನೋಡುವ ಪಟ್ಟಿ. ಚೀಟಿ ದಾರಿಗಳಿರುವುದು ಇನೆಟ್.3 ಎಂಬ ಇನ್ನೊಂದರಲ್ಲಿ. ಅದನ್ನು ತೆರೆದು ನೋಡುವ ಹಕ್ಕು, ನೀವೇನೂ ಹೇಳದಿದ್ದರೆ, ಜಾಲದಾಚೆಯ ದಾರಿಗಳನ್ನು ತಿಳಿಸುವ ಬಿಜಿಪಿಗೆ ಮಾತ್ರ. ಅಂದರೆ ಊರಾಚೆಯಿಂದ ಬಂದು ಊರಾಚೆಗೇ ಹೋಗುವ ಸರಕು ಹೊಸ ದಾರಿ ಹಿಡಿಯುತ್ತದೆ. ರೂಟರ್‌ನಿಂದ ರೂಟರ್‌ಗೆ ಹೋಗುವ ಮನೆಮಾತು, ನಿಮ್ಮ ಪಿಂಗೂ ಸೇರಿ, ಎಂದಿನಂತೆ ಹೋಗುತ್ತದೆ.

ಇದನ್ನು ಬದಲಿಸಲು 'ಬಿಜಿಪಿ-ಐಜಿಪಿ' ಎಂಬ ಆಯ್ಕೆಯಿದೆ. ಅದು ಇನೆಟ್.3ರ ದಾರಿಗಳನ್ನು ಎತ್ತಿ ಇನೆಟ್.0ಗೆ ಹಾಕುತ್ತದೆ. ಅಲ್ಲಿ ಕಡಿಮೆ ಅಂಕದವನೇ ಗೆಲ್ಲುವವನು. ಎಂದಿನ ದಾರಿ ಹೇಳುವ ಓಎಸ್‌ಪಿಎಫ್‌ನದು 10, ಆರ್‌ಎಸ್‌ವಿಪಿಯದು 7, ಎಲ್‌ಡಿಪಿಯದು 9. ಕೊನೆಯವೆರಡೂ ಚೀಟಿ ದಾರಿ ಹಾಕುವವು. ಹಾಗಾಗಿ ಚೀಟಿ ದಾರಿ ಗೆದ್ದು, ಪಿಂಗೂ ಅದರಲ್ಲೇ ಹೋಗುತ್ತದೆ. ಆದರೆ ಆತುರ ಬೇಡ. ಇನೆಟ್.3 ಬರಿದಾದರೆ ಅದನ್ನೇ ನಂಬಿದ ವಿಪಿಎನ್‌ಗಳು ಮಲಗಿಬಿಡುತ್ತವೆ. ಅದಕ್ಕೇ ಎರಡೂ ಪಟ್ಟಿಯಲ್ಲಿ ದಾರಿ ಇಡುವ ಆಯ್ಕೆ ಬೇರೆ ಇದೆ. ಅದರಲ್ಲೂ ಒಂದು ತೊಡಕು: ಓಎಸ್‌ಪಿಎಫ್ ಸೋತು ಹಿಂದೆ ಸರಿಯುವುದರಿಂದ, 'ಓಎಸ್‌ಪಿಎಫ್‌ನಿಂದ ಬಂದದ್ದು' ಎಂದು ನೀವು ಬರೆದಿಟ್ಟ ನಿಯಮಗಳಿಗೆ ಏನೂ ಸಿಗುವುದಿಲ್ಲ. 'ಎಂಪಿಎಲ್‌ಎಸ್-ಫಾರ್ವರ್ಡಿಂಗ್' ಎಂಬುದು ಪ್ಯಾಕೆಟ್ ಸಾಗಿಸಲಷ್ಟೇ ಚೀಟಿ ದಾರಿ ಬಳಸಿ, ಲೆಕ್ಕದಲ್ಲಿ ಓಎಸ್‌ಪಿಎಫ್‌ಅನ್ನೇ ಉಳಿಸುತ್ತದೆ. ನನ್ನ ಓಟು ಅದಕ್ಕೆ.

ನಿಮಗಂತೂ ಬಹುಶಃ ಯಾವುದೂ ಬೇಡ. ಬಿಜಿಪಿ ಕಲಿಸಿಕೊಟ್ಟ, ಆ ತುದಿಯ ರೂಟರ್‌ನ ಆಚೆಗಿರುವ ವಿಳಾಸವೊಂದಕ್ಕೆ ಟ್ರೇಸ್‌ರೂಟ್ ಕೊಟ್ಟು ನೋಡಿ. ನಡುವೆ ರೂಟರ್‌ಗಳಿದ್ದರೆ ಚೀಟಿಯ ಸಂಖ್ಯೆಗಳು ಕಾಣಬೇಕು. ಕಾಣದಿದ್ದರೆ ಮತ್ತೆ ಬರೆಯಿರಿ.