ಮಾನಿಟರಿನ ಅಳತೆ ಕಂಪ್ಯೂಟರಿಗೆ ಹೇಗೆ ಗೊತ್ತು?

ಪ್ರಶ್ನೆ: ಹೊಸ ಮಾನಿಟರ್ ಜೋಡಿಸಿದ ಕೂಡಲೇ ಅದಕ್ಕೊಪ್ಪುವ ರೆಸಲ್ಯೂಶನ್ ಆಪರೇಟಿಂಗ್ ಸಿಸ್ಟಮ್‌ಗೆ ಹೇಗೆ ತಿಳಿಯುತ್ತದೆ?

ಉತ್ತರ: ಮಾನಿಟರನ್ನೇ ಕೇಳಿ ತಿಳಿದುಕೊಳ್ಳುತ್ತದೆ! ಮಾನಿಟರಿನೊಳಗಿನ ಪುಟ್ಟ ಮೆಮೊರಿಯಲ್ಲಿ ‘ಇಡಿಐಡಿ’ ಎಂಬ ಮಾಹಿತಿ ಇರುತ್ತದೆ. ಪರದೆಗಳ ಮಾನದಂಡ ರೂಪಿಸುವ ವೆಸಾ ಸಂಸ್ಥೆ 1994ರಲ್ಲಿ ಹೊರತಂದ ಮಾದರಿ ಇದು. ಎಚ್‌ಡಿಎಂಐ ಕೇಬಲ್ಲಿನಲ್ಲಿ ಚಿತ್ರದ ತಂತಿಗಳ ಜೊತೆಗೇ ಇರುವ ‘ಡಿಡಿಸಿ’ ಎಂಬ ಮಾಹಿತಿ ತಂತಿಗಳ ಮೂಲಕ ಗ್ರಾಫಿಕ್ಸ್ ಡ್ರೈವರ್ ಇಡಿಐಡಿಯ ಮೊದಲ 128 ಬೈಟ್ ಓದುತ್ತದೆ. ಆ ಬೈಟ್‌ಗಳನ್ನೆಲ್ಲ ಕೂಡಿ 256ರಿಂದ ಭಾಗಿಸಿದಾಗ ಶೇಷ ಸೊನ್ನೆ ಬರಬೇಕು. ಬಾರದಿದ್ದರೆ ಓದಿದ್ದರಲ್ಲಿ ಏನೋ ಕೆಟ್ಟಿದೆ ಎಂದರ್ಥ.

ಸೊನ್ನೆಯಿಂದ ಎಣಿಸಿದರೆ, 54ನೇ ಬೈಟಿನಿಂದ ಮುಂದಿನ 18 ಬೈಟ್‌ಗಳಲ್ಲಿ ತಯಾರಕರು ಸೂಚಿಸಿದ ಅಳತೆ ಸಿಗುತ್ತದೆ. 56ನೇ ಬೈಟಿನಲ್ಲಿ 128, 58ರ ಮೇಲಿನ 4 ಬಿಟ್‌ಗಳಲ್ಲಿ 7 ಇದ್ದರೆ ಅಗಲ 7×256+128, ಅಂದರೆ 1920 ಪಿಕ್ಸೆಲ್. ಎತ್ತರವೂ ಹೀಗೆಯೇ.

ಸ್ವಂತ ಆಪರೇಟಿಂಗ್ ಸಿಸ್ಟಮ್ ಬರೆಯುವವರು, ತಮ್ಮಲ್ಲಿ ಗ್ರಾಫಿಕ್ಸ್ ಡ್ರೈವರ್ ಇಲ್ಲದಿದ್ದರೆ, ಬೂಟ್ ಹಂತದಲ್ಲೇ ಕಂಪ್ಯೂಟರಿನ ಯುಇಎಫ್‌ಐ ಫರ್ಮ್‌ವೇರ್ ನೆರವಿನಿಂದ ರೆಸಲ್ಯೂಶನ್ ಮೋಡ್ ಆರಿಸಿಕೊಳ್ಳಬೇಕು. ಯುಇಎಫ್‌ಐನ ಬೂಟ್ ಸೇವೆಗಳು ಮುಗಿದ ಮೇಲೆ ಆ ಸೌಲಭ್ಯ ಸಿಗದು.