ಸಂಯಾನದ ಮಧುಮತಿ

ಮಧುಮತಿ ಎಂದ ಕೂಡಲೆ ನೆನಪಾಗುವುದು 1958ರ ಹಿಂದಿ ಚಿತ್ರ, ವೈಜಯಂತಿಮಾಲಾ, ಬೆಟ್ಟದ ಮಂಜು. ನಾನು ಹೇಳಹೊರಟ ಮಧುಮತಿ ಹೆಣ್ಣಲ್ಲ. ಅವನು ಗಂಡಸು, ಅರಬ. ಹತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮಾನ್ಯಖೇಟದ ರಾಷ್ಟ್ರಕೂಟ ದೊರೆಗಳ ಪರವಾಗಿ ನಮ್ಮ ಈ ಕರಾವಳಿಯ ಒಂದು ಮಂಡಲವನ್ನು ಆಳಿದವನು. ಮಹಮ್ಮದ್ ಎಂಬ ಹೆಸರನ್ನು ಯಾರೋ ಸಂಸ್ಕೃತ ಪಂಡಿತ ತನ್ನ ನಾಲಗೆಗೆ ಒಗ್ಗುವಂತೆ ತಿದ್ದಿ ಮಧುಮತಿ ಎಂದು ಮಾಡಿದ. ಅವನಿಗೆ ಸುಗತಿಪ ಅಂತ ಇನ್ನೊಂದು ಹೆಸರೂ ಇತ್ತು. ಅಪ್ಪನ ಹೆಸರನ್ನು ಸಹಿಯಾರಹಾರ ಎಂದು ಬರೆದಿದ್ದಾರೆ. ಅದು ಶಹರಿಯಾರ್ ಇರಬೇಕೆಂದು ವಿದ್ವಾಂಸರ ಊಹೆ. ಶಹರಿಯಾರ್ ಪಾರಸಿ ಹೆಸರು. ಅಂದಮೇಲೆ ಈ ಅರಬನ ಮನೆತನದಲ್ಲಿ ಇರಾನಿನ ನೀರೂ ಸ್ವಲ್ಪ ಬೆರೆತಿತ್ತೋ ಏನೋ.

ಬಿ.ಎ. ತರಗತಿಯಲ್ಲಿ ರಾಷ್ಟ್ರಕೂಟರನ್ನು ನಾವೆಲ್ಲ ಓದುತ್ತೇವೆ. ಧ್ರುವ, ಗೋವಿಂದ, ಅಮೋಘವರ್ಷ ನೃಪತುಂಗ, ಕವಿರಾಜಮಾರ್ಗ, ಎಲ್ಲೋರದ ಕೈಲಾಸ. ಮಧುಮತಿಯ ಹೆಸರು ಮಾತ್ರ ಪಠ್ಯದಲ್ಲಿ ಬರೋದಿಲ್ಲ. ಅವನ ಊರು ನಮ್ಮ ಉಲ್ಹಾಸನಗರದಿಂದ ಅರ್ಧ ದಿನದ ರೈಲು ದಾರಿ. ದಾದರಿನಲ್ಲಿ ಲೈನು ಬದಲಿಸಿ, ವಿರಾರ್ ದಾಟಿ ಡಹಾಣೂ ಕಡೆ ಹೋದರೆ ನಡುವೆ ವಾಣಗಾಂವ್ ಸ್ಟೇಷನ್ ಸಿಗುತ್ತದೆ. ಅಲ್ಲಿಂದ ಸಮುದ್ರದ ಕಡೆಗೆ ಚಿಂಚಣಿ ಎಂಬ ಊರು. ಅಣುವಿದ್ಯುತ್ ಕೇಂದ್ರದ ತಾರಾಪುರ ಅಲ್ಲೇ ಪಕ್ಕದಲ್ಲಿ. ಇದೆಲ್ಲ ಮೊದಲು ನಮ್ಮ ಠಾಣೆ ಜಿಲ್ಲೆಯದೇ; 2014ರಲ್ಲಿ ಪಾಲಘರ್ ಜಿಲ್ಲೆಗೆ ಸೇರಿತು. ರೈಲಿನಲ್ಲಿ ಇನ್ನೂ ಉತ್ತರಕ್ಕೆ ಹೋದರೆ, ಉಮರಗಾಂವ್ ಆದಮೇಲೆ, ಗುಜರಾತಿನ ಗಡಿಯೊಳಗೆ ಸಂಜಾಣ್. ಇದೇ ಶಾಸನಗಳ ಸಂಯಾನ. ಇರಾನಿನಿಂದ ಬಂದ ಪಾರಸಿಗಳು ಮೊದಲು ನೆಲೆನಿಂತ ಊರೆಂದು ಅವರ ಪರಂಪರೆ ಹೇಳುವುದೂ ಇದನ್ನೇ.

ಚಿಂಚಣಿಯಲ್ಲಿ 1955ರಲ್ಲಿ ಕೆಲವು ತಾಮ್ರಪಟಗಳು ಸಿಕ್ಕವು. ಪ್ರಸಿದ್ಧ ಶಾಸನತಜ್ಞ ದಿನೇಶಚಂದ್ರ ಸರ್ಕಾರ್ ಅವರು ಅವನ್ನು ಓದಿ ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದರು. ಐದು ದಾನಪತ್ರಗಳು. ಎರಡು ರಾಷ್ಟ್ರಕೂಟರ ಕಾಲದವು, ಉಳಿದವು ಮುಂದಿನ ಶತಮಾನದವು. ಎಲ್ಲದರ ಭಾಷೆ ಸಂಸ್ಕೃತ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಮೊದಲನೆಯದು ಶಕ 848ರದು, ಅಂದರೆ ಕ್ರಿ.ಶ. 926. ಆಗ ಪಟ್ಟದಲ್ಲಿದ್ದವನು ಮೂರನೆಯ ಇಂದ್ರ. ಹತ್ತು ವರ್ಷ ಹಿಂದೆ ಉತ್ತರಕ್ಕೆ ದಂಡೆತ್ತಿ ಹೋಗಿ ಪ್ರತೀಹಾರರ ರಾಜಧಾನಿ ಕನೂಜನ್ನೇ ಹೊಡೆದು ಬಂದವನು ಇವನು. ಆ ದಂಡಯಾತ್ರೆಯಲ್ಲಿ ಜೊತೆಗಿದ್ದ ವೇಮುಲವಾಡದ ಚಾಲುಕ್ಯ ನರಸಿಂಹ ನಮ್ಮ ಪಂಪನ ಆಶ್ರಯದಾತ ಅರಿಕೇಸರಿಯ ತಂದೆ. ಹೀಗಾಗಿ ಈ ತಾಮ್ರಪಟ ನಮ್ಮ ಸಾಹಿತ್ಯ ಚರಿತ್ರೆಯಿಂದ ಬಹಳ ದೂರದ್ದೇನಲ್ಲ.

ಪಟ ಹೇಳುವ ಸಂಗತಿ ಇಷ್ಟು. ಇಂದ್ರನ ಅಜ್ಜ ಎರಡನೆಯ ಕೃಷ್ಣ (ಆಳಿದ್ದು 878ರಿಂದ 914) ತಾಜಿಕನಾದ ಮಧುಮತಿಗೆ ಇಡೀ ಸಂಯಾನ ಮಂಡಲವನ್ನು ಆಳಲು ಕೊಟ್ಟ. ತಾಜಿಕ ಅಂದರೆ ಅರಬ. ನಮ್ಮ ಹಳೆಯ ಕಾವ್ಯಗಳಲ್ಲಿ ಒಳ್ಳೆಯ ಕುದುರೆಗೆ ತೇಜಿ ಎನ್ನುತ್ತಾರಲ್ಲ, ಅದರ ಬೇರೂ ಇದೇ ಮಾತು. ಅರಬರ ಕುದುರೆ ತೇಜಿಯಾಯಿತು. ಮಧುಮತಿ ಸುತ್ತಲಿನ ಬಂದರುಗಳ ಒಡೆಯರನ್ನೆಲ್ಲ ಸೋಲಿಸಿ, ಅಲ್ಲೆಲ್ಲ ತನ್ನ ಅಧಿಕಾರಿಗಳನ್ನು ಕೂಡಿಸಿದ. ಇದು ತನಗಾಗಿ ಅಲ್ಲ, ದೊರೆಗಾಗಿ. ಇದಾದ ಮೇಲೆ ಅವನು ಮಾಡಿದ ಕೆಲಸಗಳೇ ನನಗೆ ಹೆಚ್ಚು ಹಿಡಿಸಿದ್ದು. ಅಲ್ಲಿನ ಎರಡು ಹೊಳೆಗಳಿಗೆ ಬಿಟ್ಟಿ ದೋಣಿ ಹಾಕಿಸಿದ. ದಾಟುವವರು ಕಾಸು ಕೊಡಬೇಕಾಗಿರಲಿಲ್ಲ. ಸಂಯಾನದಲ್ಲಿ ಒಂದು ಛತ್ರ ನಡೆಸಿದ. ಅಲ್ಲಿ ಬಂದವರಿಗೆ ಶಾಲಿ ಅಕ್ಕಿಯ ಅನ್ನ, ಪಲ್ಯ ಸಾರು, ಮೇಲೆ ತುಪ್ಪ, ಎಲ್ಲ ಪುಕ್ಕಟೆ. ತಾಮ್ರದ ಮೇಲೆ ಕೊರೆಯುವಾಗ ತುಪ್ಪವನ್ನೂ ಬಿಡದೆ ಬರೆಸಿದ್ದಾರೆ, ನೋಡಿ!

ಆ ಊರಲ್ಲಿ ಅಣ್ಣಯ್ಯ ಎಂಬ ಬ್ರಾಹ್ಮಣ ಒಂದು ಮಠಿಕೆ, ಅಂದರೆ ಚಿಕ್ಕ ಮಠ, ಕಟ್ಟಿಸಿದ್ದ. ಅಲ್ಲಿ ದಶಮೀ ಎಂಬ ದೇವಿ. ಭಗವತಿ ಎಂದೂ ಕರೆಯುತ್ತಾರೆ. ಈ ಅಣ್ಣಯ್ಯ ಪುವ್ವಯ್ಯನೆಂಬ ಮಂತ್ರಿಯ ಸ್ನೇಹಿತ. ಅಣ್ಣಯ್ಯನ ಬಿನ್ನಹ ಕೇಳಿ, ದೊರೆ ಇಂದ್ರನ ಒಪ್ಪಿಗೆ ಪಡೆದು, ಮಧುಮತಿ ಆ ಮಠಿಕೆಗೆ ಕಾಣಾಡುಕ ಎಂಬ ಹಳ್ಳಿಯನ್ನೂ ದೇವೀಹರ ಎಂಬಲ್ಲಿ ಸ್ವಲ್ಪ ಜಮೀನನ್ನೂ ಬಿಟ್ಟುಕೊಟ್ಟ. ಉದ್ದೇಶವನ್ನೂ ಬರೆದಿದೆ: ಕಟ್ಟಡದ ರಿಪೇರಿ, ದೇವಿಯ ನೈವೇದ್ಯ, ಮತ್ತು ಸಂಯಾನದ ಪಂಚಗೌಡೀಯ ಮಹಾಪರಿಷತ್ತಿನ ಒಂಬತ್ತು ಜನರಿಗೆ ಊಟ.

ಒಟ್ಟು ಸೇರಿಸಿ ನೋಡಿ. ಕನ್ನಡ ನಾಡಿನ ದೊರೆ. ಅವನ ಕೈಕೆಳಗೆ ಅರಬ ಮಂಡಲಾಧಿಪತಿ. ಅವನು ಕೊಟ್ಟದ್ದು ದೇವಿಯ ಗುಡಿಗೆ, ಬೇಡಿದವನು ಬ್ರಾಹ್ಮಣ, ಉಂಡವರು ಗೌಡ ಬ್ರಾಹ್ಮಣರು. ಆ ಪಟ ಬರೆದವನಿಗೆ ಇದರಲ್ಲಿ ವಿಚಿತ್ರವೇನೂ ಕಂಡಂತಿಲ್ಲ. ಅವನು ಮಾಮೂಲು ಧಾಟಿಯಲ್ಲೇ ಬರೆದುಕೊಂಡು ಹೋಗಿದ್ದಾನೆ. ವಿಚಿತ್ರ ಅನ್ನಿಸುವುದು ನಮಗೆ.

ಇದು ಹೇಗೆ ಸಾಧ್ಯವಾಯಿತು? ಉತ್ತರಕ್ಕೆ ಅರಬರ ಪುಸ್ತಕಗಳನ್ನೇ ನೋಡಬೇಕು. ವರ್ತಕ ಸುಲೈಮಾನನ ಹೆಸರಿನಲ್ಲಿ ಬಂದ 851ರ ವೃತ್ತಾಂತದಲ್ಲಿ ಜಗತ್ತಿನ ನಾಲ್ಕು ದೊಡ್ಡ ದೊರೆಗಳ ಲೆಕ್ಕ ಕೊಟ್ಟಿದ್ದಾರೆ: ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೂಮಿನ ದೊರೆ, ನಾಲ್ಕನೆಯವನು ಬಲ್ಹರಾ. ಈ ಬಲ್ಹರಾ ಯಾರೆಂದರೆ ನಮ್ಮ ವಲ್ಲಭರಾಜ. ರಾಷ್ಟ್ರಕೂಟರ ಬಿರುದು ಪ್ರಾಕೃತದಲ್ಲಿ ಸವೆದು ಅರಬರ ಬಾಯಲ್ಲಿ ಹಾಗಾಯಿತು. ಬಲ್ಹರಾ ದೊರೆಗಳಿಗೆ ಅರಬರ ಮೇಲೆ ಬಹಳ ಪ್ರೀತಿ, ಅದಕ್ಕೇ ಅವರು ಐವತ್ತೈವತ್ತು ವರ್ಷ ಆಳುತ್ತಾರೆ ಎಂದು ಅಲ್ಲಿಯ ಜನ ನಂಬುತ್ತಾರೆ, ಅಂತಲೂ ಆ ಪುಸ್ತಕ ಹೇಳುತ್ತದೆ. ನಗಬೇಡಿ. 851ರಲ್ಲಿ ಪಟ್ಟದಲ್ಲಿದ್ದವನು ನೃಪತುಂಗ. ಅವನು ಆಳಿದ್ದು 814ರಿಂದ 878ರವರೆಗೆ, ಅರುವತ್ತು ದಾಟಿದ ವರ್ಷಗಳು. ಅರಬ ವರ್ತಕ ಕಾರಣವನ್ನು ತನಗೆ ಬೇಕಾದ ಹಾಗೆ ಹೇಳಿಕೊಂಡ, ಲೆಕ್ಕ ಮಾತ್ರ ತಪ್ಪಲಿಲ್ಲ.

(ನೃಪತುಂಗನ ಹೆಸರು ಬಂತಲ್ಲ, ಸಂಜಾಣಿನ ಇನ್ನೊಂದು ಕತೆ ಹೇಳಿಬಿಡುತ್ತೇನೆ. ಅಲ್ಲಿ ಸಿಕ್ಕ 871ರ ಅವನದೇ ತಾಮ್ರಪಟದಲ್ಲಿ, ಪ್ರಜೆಗಳಿಗೆ ಬಂದ ಆಪತ್ತನ್ನು ನೀಗಲು ಅವನು ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಒಪ್ಪಿಸಿದನೆಂದು ಇದೆ. ಕವಿರಾಜಮಾರ್ಗವನ್ನು ಓದುವಾಗ ಕಾಣದ ನೃಪತುಂಗ ಇವನು.)

ಸುಲೈಮಾನನ ಪ್ರೀತಿಯ ಮಾತು ಇರಲಿ, ಪ್ರೀತಿಯ ಹಿಂದೆ ವ್ಯವಹಾರವಿತ್ತು. ರಾಷ್ಟ್ರಕೂಟರಿಗೆ ಕುದುರೆ ಬೇಕಿತ್ತು. ಒಳ್ಳೆಯ ಕುದುರೆ ಸಮುದ್ರದಾಚೆಯಿಂದ ಬರಬೇಕು. ಅರಬರಿಗೆ ಸುಂಕದ, ಜೀವದ ಭಯವಿಲ್ಲದ ಬಂದರು ಬೇಕಿತ್ತು. ಜೊತೆಗೆ ಇಬ್ಬರಿಗೂ ಒಬ್ಬನೇ ಶತ್ರು: ಉತ್ತರದ ಗುರ್ಜರ ಪ್ರತೀಹಾರರು. ಸಿಂಧ್ ಪ್ರಾಂತ 712ರಿಂದ ಅರಬರ ಕೈಯಲ್ಲಿತ್ತು, ಅವರಿಗೂ ಪ್ರತೀಹಾರರಿಗೂ ಆಗುತ್ತಿರಲಿಲ್ಲ. ಶತ್ರುವಿನ ಶತ್ರು ಮಿತ್ರನಾದ. ಇನ್ನೊಂದು ಕಾರಣ ನನ್ನ ಊಹೆ: ಬಂದರಿನ ಸ್ಥಳೀಯ ಒಡೆಯರಿಗೆ ಅಲ್ಲಿ ನೆಲವಿತ್ತು, ನೆಂಟರಿದ್ದರು, ಎರಡು ದಿನ ದೊರೆ ದುರ್ಬಲನಾದರೆ ತಿರುಗಿಬೀಳುವ ಧೈರ್ಯವಿತ್ತು. ಹೊರಗಿನಿಂದ ಬಂದವನಿಗೆ ದೊರೆಯ ಅನುಗ್ರಹ ಬಿಟ್ಟರೆ ಬೇರೆ ಆಸರೆಯಿಲ್ಲ. ಹಡಗು, ಗಾಳಿ, ಸರಕು ಬಲ್ಲವನೂ ಅವನೇ. ಕೃಷ್ಣ ಧರ್ಮೋದಾರಿಯಾಗಿದ್ದಿರಬಹುದು, ಜಾಣನಂತೂ ಹೌದು.

ಅಲ್ ಮಸೂದಿ ಎಂಬ ಅರಬ ಚರಿತ್ರೆಕಾರ 916ರ ಹೊತ್ತಿಗೆ, ಅಂದರೆ ನಮ್ಮ ತಾಮ್ರಪಟಕ್ಕೆ ಹತ್ತೇ ವರ್ಷ ಮೊದಲು, ಈ ಕರಾವಳಿಗೆ ಸ್ವತಃ ಬಂದಿದ್ದ. ಸೈಮೂರ್, ಅಂದರೆ ಈಗಿನ ಚೌಲದಲ್ಲಿ, ಹತ್ತು ಸಾವಿರ ಮುಸಲ್ಮಾನರಿದ್ದರೆಂದೂ, ಅಲ್ಲಿನ ಅರಸು ಝಂಝನೆಂದೂ ಬರೆದಿದ್ದಾನೆ. ಝಂಝ ಶಿಲಾಹಾರ ಮನೆತನದವನು. ಆ ಮುಸಲ್ಮಾನರ ವ್ಯಾಜ್ಯ ತೀರಿಸಲು ಅವರಲ್ಲೇ ಒಬ್ಬ ಮುಖ್ಯಸ್ಥನಿದ್ದ. ಆ ಹುದ್ದೆಗೆ ಹುನರ್ಮನ್ ಎಂದು ಹೆಸರು. ಮಧುಮತಿ ಎಲ್ಲಿಂದಲೋ ಬಂದು ಬಿದ್ದ ಒಂಟಿ ಮನುಷ್ಯನಲ್ಲ, ಅವನ ಸುತ್ತ ಇಂಥ ಒಂದು ಲೋಕವೇ ಇತ್ತು ಅನ್ನೋದು ಇದರಿಂದ ಸ್ಪಷ್ಟ.

ಈಗ ನಮ್ಮ ಸಂಘದಲ್ಲಿ ಆಗಾಗ ಏಳುವ ಒಂದು ವಾದಕ್ಕೆ ಬರೋಣ. ಲೋಕಲ್ ಗಾಡಿಯಲ್ಲಿ ಯಾರಾದರೂ "ನೀವು ಸೌತ್‌ನವರು, ಹೊರಗಿನವರು" ಅಂದರೆ ನಮ್ಮಲ್ಲಿ ಕೆಲವರಿಗೆ ರೋಷ ಬಂದು, "ಠಾಣೆಯೇ ಒಂದು ಕಾಲಕ್ಕೆ ಕನ್ನಡದ್ದಾಗಿತ್ತು ರೀ" ಅಂತ ಉತ್ತರ ಕೊಡುತ್ತಾರೆ. ಆಧಾರಗಳು ಇಲ್ಲದೇ ಇಲ್ಲ. ಬೊರಿವಲಿಯ ಹತ್ತಿರದ ಕಾನ್ಹೇರಿ ಗವಿಗಳಲ್ಲಿ ನೃಪತುಂಗನ ಸಾಮಂತರಾದ ಶಿಲಾಹಾರ ಪುಲ್ಲಶಕ್ತಿ, ಕಪರ್ದಿಯರ ಶಾಸನಗಳಿವೆ. ಉತ್ತರ ಕೊಂಕಣದ ಶಿಲಾಹಾರರು ಹೊತ್ತ ಬಿರುದುಗಳಲ್ಲಿ ನನ್ನಿಸಮುದ್ರ ಎಂಬುದೊಂದಿದೆ. ನನ್ನಿ ಅಂದರೆ ಸತ್ಯ. ಹಳಗನ್ನಡ ಓದಿದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮಗ್ಗುಲಲ್ಲೇ ಇರುವ ಅಂಬರನಾಥದ ಶಿವಾಲಯ, ಶಕ 982ರ ಅಂದರೆ 1060ರ ಶಾಸನವಿರುವುದು, ಇದೇ ಮನೆತನದ ಕೆಲಸ. ಇನ್ನು ಚಿಂಚಣಿಯ ಹೆಸರುಗಳನ್ನೇ ತೆಗೆದುಕೊಳ್ಳಿ. ಅಣ್ಣಯ್ಯ ಯಾವ ಊರಿನವನೆಂದು ಕೇಳುವುದೇ ಬೇಡ. ಪುವ್ವಯ್ಯನೂ ಹಾಗೇ. ಹಳೆಯ ಪೂ ಹೊಸಗನ್ನಡದಲ್ಲಿ ಹೂ ಆಗುತ್ತದಲ್ಲ. ಆ ಲೆಕ್ಕದಲ್ಲಿ ಕಾನೂರು ಹೆಗ್ಗಡಿತಿಯ ಹೂವಯ್ಯನಿಗೆ ಸಾವಿರ ವರ್ಷ ಹಿಂದಿನ ನಾಮಧಾರಿ ಸಂಯಾನದಲ್ಲಿ ಮಂತ್ರಿಯಾಗಿದ್ದ ಅಂತ ನಾನಂತೂ ಸಂತೋಷಪಡುತ್ತೇನೆ. (ತೆಲುಗರು ತಮ್ಮ ಪುವ್ವು ತಂದು ಜಗಳಕ್ಕೆ ನಿಂತರೆ ನನ್ನ ಬಳಿ ಜವಾಬಿಲ್ಲ.)

ಆದರೂ ಆ ವಾದ ನನಗೆ ಒಪ್ಪಿಗೆಯಿಲ್ಲ. ಪಟಗಳ ಭಾಷೆ ಸಂಸ್ಕೃತ ಎಂದು ಮೊದಲೇ ಹೇಳಿದೆ. ಬಳ್ಳಾರಿಯಲ್ಲೋ ಧಾರವಾಡದಲ್ಲೋ ಊರಿನ ಜನ ಓದಬೇಕಾದ ಶಾಸನವನ್ನು ಇದೇ ಅರಸರು ಕನ್ನಡದಲ್ಲಿ ಕೆತ್ತಿಸಿದರು. ಇಲ್ಲಿ ಹಾಗೆ ಮಾಡಲಿಲ್ಲ. ಮಸೂದಿಯೂ ಇದನ್ನು ಗಮನಿಸಿದ್ದಾನೆ. ಬಲ್ಹರಾನ ರಾಜಧಾನಿ ಮಾಂಕೀರಿನಲ್ಲಿ, ಅಂದರೆ ಮಾನ್ಯಖೇಟದಲ್ಲಿ, ಆಡುವ ಭಾಷೆ ಕೀರಿಯ; ಸೈಮೂರ್, ಸೂಬಾರ, ತಾನಾ ಮುಂತಾದ ಕಡಲ ತೀರದ ಊರುಗಳಲ್ಲಿ ಆಡುವುದು ಲಾರಿಯ, ಎಂದು ಬೇರೆ ಬೇರೆ ಮಾಡಿ ಬರೆದಿದ್ದಾನೆ. ಕೀರಿಯ ಎಂಬುದು ಕನ್ನಡವೇ ಎಂದು ಹಲವು ವಿದ್ವಾಂಸರ ಮತ. ತಾನಾ ಎಂದರೆ ನಮ್ಮ ಠಾಣೆ. ಅರಬ ಪ್ರವಾಸಿಗೆ ಕಂಡ ಭೇದ ನಮಗೆ ಕಾಣದೇ ಹೋದರೆ ಹೇಗೆ? ಅಷ್ಟೇಕೆ, ಕವಿರಾಜಮಾರ್ಗವೇ ಕನ್ನಡ ನಾಡಿಗೆ ಉತ್ತರದ ಮೇರೆ ಹಾಕಿದ್ದು ಗೋದಾವರಿಗೆ. ನೃಪತುಂಗನ ರಾಜ್ಯ ಅದಕ್ಕಿಂತ ಬಹಳ ದೂರ ಚಾಚಿತ್ತು. ಆದರೂ ರಾಜ್ಯದ ಮೇರೆ ಬೇರೆ, ಭಾಷೆಯ ಮೇರೆ ಬೇರೆ ಎಂದು ಆಸ್ಥಾನದ ಪಂಡಿತನಿಗೆ ತಿಳಿದಿತ್ತು. ಉಲ್ಹಾಸ ನದಿ ಹರಿಯುವುದು ಸಹ್ಯಾದ್ರಿಯ ಈಚೆ. ಇಲ್ಲಿ ಕನ್ನಡದವರು ಅಧಿಕಾರಿಗಳಾಗಿ, ಮಂತ್ರಿಗಳಾಗಿ ಬಂದರು, ಮಠ ಕಟ್ಟಿದರು. ಅರಬರೂ ಬಂದರು, ಗೌಡರೂ ಬಂದರು. ನಮ್ಮ ಊರನ್ನೇ ನೋಡಿ: ಎರಡನೆಯ ಮಹಾಯುದ್ಧದಲ್ಲಿ ಸಿಪಾಯಿಗಳಿಗೆಂದು ಮಾಡಿದ ಕಲ್ಯಾಣ್ ಕ್ಯಾಂಪು, ವಿಭಜನೆಯಾದ ಮೇಲೆ ಸಿಂಧ್‌ನಿಂದ ಬಂದ ಸುಮಾರು ಒಂದು ಲಕ್ಷ ನಿರಾಶ್ರಿತರಿಗೆ ಮನೆಯಾಯಿತು, 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಅದಕ್ಕೆ ಉಲ್ಹಾಸನಗರ ಎಂದು ಹೆಸರಿಟ್ಟರು. ಇಂದಿಗೂ ಮನೆ ಎಲ್ಲಿ ಅಂದರೆ ಒಂದನೇ ಕ್ಯಾಂಪು, ಐದನೇ ಕ್ಯಾಂಪು ಎಂದೇ ಹೇಳುತ್ತೇವೆ. ಅಣ್ಣಯ್ಯನನ್ನು ತೋರಿಸಿ ಹಕ್ಕು ಕೇಳುವವರು ಮಧುಮತಿಯನ್ನೂ ತೋರಿಸಬೇಕಾಗುತ್ತದೆ. ಇಬ್ಬರೂ ಒಂದೇ ಪಟದಲ್ಲಿದ್ದಾರೆ.

ಸಂಯಾನದಲ್ಲಿ ಜಗಳವೇ ಇರಲಿಲ್ಲ ಅಂತಲ್ಲ. ಎರಡನೆಯ ಪಟ ಮೂರನೆಯ ಕೃಷ್ಣನ ಕಾಲದ್ದು (939ರಿಂದ 967), ಅದು ಇಡಿಯಾಗಿ ಒಂದು ಜಾಗದ ತಗಾದೆಯದೇ. ಭಗವತಿಯ ಮಠಿಕೆಗೂ ಪಕ್ಕದ ಭಿಲ್ಲಮಾಲದೇವನ ಗುಡಿಗೂ ವ್ಯಾಜ್ಯ ಬಂತು. ಭಿಲ್ಲಮಾಲ ಎಂದರೆ ರಾಜಸ್ಥಾನದ ಈಗಿನ ಭೀನ್‌ಮಾಲ್. ಅಲ್ಲಿಂದ ಬಂದ ವರ್ತಕರ ದೇವರು ಇದು, ಮಧುಸೂದನ. ಕೊನೆಗೆ ರಾಜಿಯಾಯಿತು: ಮಧುಸೂದನನ ಗುಡಿಯವರು ಭಗವತಿಗೆ ವರ್ಷಕ್ಕೆ 40 ದ್ರಮ್ಮ ಕೊಡತಕ್ಕದ್ದು. ದೇವರಿಗೂ ಬಾಡಿಗೆ ತಪ್ಪಲಿಲ್ಲ.

ರಾಷ್ಟ್ರಕೂಟರು 973ರಲ್ಲಿ ಮುಳುಗಿದರು. ಮಠಿಕೆ ಉಳಿಯಿತು. 1034ರ ಪಟದ ಹೊತ್ತಿಗೆ ಸಂಯಾನ ಶಿಲಾಹಾರ ಛಿತ್ತರಾಜನ ಸಾಮಂತ ಚಾಮುಂಡರಾಜನ ಕೈಯಲ್ಲಿದೆ. ಅವನು ಮಠಿಕೆಗೆ ಬಿಟ್ಟದ್ದು ಒಂದು ಎಣ್ಣೆಯ ಗಾಣ. ಆ ಎಣ್ಣೆಯಿಂದ ದೇವಿಯ ಮುಂದೆ ದೀಪ ಉರಿಯಬೇಕು. ಮಿಕ್ಕದ್ದನ್ನು ಮಠಕ್ಕೆ ಬರುವ ಓದುವ ಬ್ರಾಹ್ಮಣರ ಕಾಲಿಗೆ ಹಚ್ಚಬೇಕು. ನಡೆದು ಬಂದ ಕಾಲುಗಳಲ್ಲವೆ. ಈ ದಾನವನ್ನು ತಿಳಿಸಬೇಕಾದ ಪೌರರ ಪಟ್ಟಿಯಲ್ಲಿ ಹಂಯಮನದವರು ಎಂಬ ಗುಂಪೊಂದು ಬರುತ್ತದೆ. ಪಾರಸಿಯ ಅಂಜುಮನ್ ಎಂಬ ಮಾತೇ ಇದು, ಸಭೆ ಎಂದರ್ಥ. ಆ ಗುಂಪಿನ ಮೂವರ ಹೆಸರನ್ನು ಬರೆದಿದ್ದಾರೆ: ಅಲ್ಲಿಯ, ಮಹರ, ಮಧುಮತ. ಮೊದಲ ಮಧುಮತಿ ಹಳ್ಳಿ ಬಿಟ್ಟುಕೊಟ್ಟು ಆಗಲೇ ನೂರೆಂಟು ವರ್ಷ ಕಳೆದಿತ್ತು.